ಮೊದಲ ನಿಯಮ ಎರಡನೆಯದರಲ್ಲೇ ಇದೆಯಲ್ಲ, ಮತ್ತೆ ಯಾಕೆ ಬೇರೆ?

ವಿಜಯನಗರದ ಮಾವ
ಎಲ್ಲರಿಗೂ ನಮಸ್ಕಾರ. ನಾನು ಕಾಮರ್ಸ್ ಓದಿದವನು, ಫಿಸಿಕ್ಸ್ ಬಿಟ್ಟು ಬಹಳ ಕಾಲವಾಯಿತು. ಅಕ್ಕನ ಮಗಳು ಫಸ್ಟ್ ಪಿಯುಸಿ. ಮೊನ್ನೆ ಒಂದು ಪ್ರಶ್ನೆ ಕೇಳಿ ನನ್ನ ಬಾಯಿ ಮುಚ್ಚಿಸಿದಳು. ನ್ಯೂಟನ್‌ನ ಎರಡನೇ ನಿಯಮ ಎಫ್ ಈಸ್ ಈಕ್ವಲ್ ಟು ಎಂಎ. ಬಲ ಸೊನ್ನೆ ಅಂತ ಹಾಕಿದರೆ ವೇಗೋತ್ಕರ್ಷವೂ ಸೊನ್ನೆ. ಅಂದರೆ ನಿಂತಿದ್ದು ನಿಂತೇ ಇರುತ್ತದೆ, ಹೋಗುತ್ತಿದ್ದದ್ದು ಅದೇ ವೇಗದಲ್ಲಿ ನೇರ ಹೋಗುತ್ತಿರುತ್ತದೆ. ಮೊದಲನೇ ನಿಯಮ ಹೇಳೋದೂ ಇದನ್ನೇ ತಾನೇ? ಹಾಗಿದ್ದರೆ ಮೂರು ಯಾಕೆ, ಎರಡು ಸಾಕಲ್ವಾ?

ಕಾಲೇಜಿನಲ್ಲಿ ಕೇಳಿದ್ದಕ್ಕೆ "ಇದೆಲ್ಲ ಸಿಇಟಿಗೆ ಬರಲ್ಲ, ಮುಂದಿನ ಲೆಕ್ಕ ಮಾಡು" ಅಂದರಂತೆ. ಗೈಡ್‌ನಲ್ಲೂ ಸಿಗಲಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಬಸ್ ಪಾಸ್
ಮೂರಿದ್ದರೆ ನೆನಪಿಡೋಕೆ ಸುಲಭ ಸಾರ್. ತ್ರಿಮೂರ್ತಿ, ತ್ರಿವರ್ಣ, ಮೂರು ನಿಯಮ.

ಕತ್ತರಿಗುಪ್ಪೆ ಕೋಡರ್
ಹುಡುಗಿ ಸರಿಯಾಗೇ ಹೇಳಿದ್ದಾಳೆ. ಮೊದಲನೆಯದು ಎರಡನೆಯದರ ವಿಶೇಷ ಸಂದರ್ಭ, ಅಷ್ಟೇ. ಗೆಲಿಲಿಯೋಗೆ ಮರ್ಯಾದೆ ಕೊಡೋಕೆ ನ್ಯೂಟನ್ ಅದನ್ನು ಬೇರೆಯಾಗಿ ಬರೆದ. ನಾನು ರಿವ್ಯೂ ಮಾಡಿದ್ದರೆ ಆ ಸಾಲು ಡಿಲೀಟ್ ಮಾಡಿಸುತ್ತಿದ್ದೆ. ಥ್ರೆಡ್ ಮುಚ್ಚಬಹುದು.

ಲೋಲಕ
ಮುಚ್ಚಬೇಡಿ, ಈಗ ತಾನೇ ಶುರುವಾಗಿದೆ.

ಮೆಜೆಸ್ಟಿಕ್‌ನಲ್ಲಿ ಬನಶಂಕರಿ ಬಸ್ ಹತ್ತಿದ್ದೀರಿ. ಸೀಟಿನ ಕೆಳಗೆ ಯಾರೋ ಕುಡಿದು ಬಿಸಾಕಿದ ನೀರಿನ ಬಾಟಲಿ. ಬಸ್ ಒಂದೇ ವೇಗದಲ್ಲಿ ಹೋಗುವಾಗ ಅದು ಬಿದ್ದಲ್ಲೇ ಬಿದ್ದಿರುತ್ತದೆ. ಮಿನರ್ವ ಸರ್ಕಲ್ ಹತ್ತಿರ ಆಟೋ ಅಡ್ಡ ಬಂತು, ಡ್ರೈವರ್ ಬ್ರೇಕ್ ಒತ್ತಿದ. ಬಾಟಲಿ ಗಡಗಡ ಅಂತ ಮುಂದಕ್ಕೆ ಉರುಳಿ ಯಾರದೋ ಚೀಲಕ್ಕೆ ಬಡಿದು ನಿಂತಿತು.

ಈಗ ಬಸ್ಸಿನ ನೆಲವನ್ನೇ ನಿಮ್ಮ ಲೆಕ್ಕದ ನೆಲ ಅಂತ ಇಟ್ಟುಕೊಳ್ಳಿ. ನಿಂತಿದ್ದ ಬಾಟಲಿಗೆ ವೇಗೋತ್ಕರ್ಷ ಬಂತು. ದೂಡಿದ್ದು ಯಾರು? ಕಂಡಕ್ಟರ್ ಮುಟ್ಟಿಲ್ಲ. ಗಾಳಿ ಬೀಸಿಲ್ಲ. ಬಲ ಸೊನ್ನೆ, ಆದರೂ ವೇಗೋತ್ಕರ್ಷ ಇದೆ. ಬಸ್ಸಿನೊಳಗೆ ಕೂತು ನೋಡಿದರೆ ಎರಡನೇ ನಿಯಮ ಸುಳ್ಳು. ಮಿನರ್ವ ಸರ್ಕಲ್ ಫುಟ್‌ಪಾತ್ ಮೇಲೆ ನಿಂತು ನೋಡಿದರೆ ನಿಜ: ಬಾಟಲಿ ತನ್ನ ಪಾಡಿಗೆ ಹೋಗುತ್ತಿತ್ತು, ನಿಧಾನವಾಗಿದ್ದು ಬಸ್ಸು.

ಎರಡನೇ ನಿಯಮ ಎಲ್ಲಿ ನಿಂತು ನೋಡಿದರೆ ನಿಜ ಅಂತ ಮೊದಲು ಹೇಳಬೇಕಲ್ಲ? ಆ ಕೆಲಸ ಮೊದಲ ನಿಯಮದ್ದು. ಯಾರೂ ಮುಟ್ಟದ ವಸ್ತು ನೇರವಾಗಿ, ಸಮವೇಗದಲ್ಲಿ ಹೋಗೋ ಹಾಗೆ ಕಾಣುವ ನೋಟದ ನೆಲೆಗಳು ಇವೆ ಅಂತ ಅದು ಹೇಳುತ್ತದೆ. ಅವಕ್ಕೆ ಇನರ್ಷಿಯಲ್ ಫ್ರೇಮ್ ಅಂತ ಹೆಸರು. ಎರಡನೇ ನಿಯಮ ಅಲ್ಲಿಗೆ ಮಾತ್ರ ಅನ್ವಯ.

ಕತ್ತರಿಗುಪ್ಪೆ ಕೋಡರ್
ಬಸ್ಸಿನೊಳಗೆ ಒಂದು ಸ್ಯೂಡೋ ಫೋರ್ಸ್, ಅಂದರೆ ಲೆಕ್ಕಕ್ಕೆ ಮಾತ್ರ ಇರುವ ಹುಸಿ ಬಲ, ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ನಾವೆಲ್ಲ ಹಾಗೇ ಮಾಡಿ ಪಾಸಾಗಿದ್ದು.

ಲೋಲಕ
ಸೇರಿಸಿ, ಬೇಡ ಅಂದವರು ಯಾರು. ಆದರೆ ಮೂರನೇ ನಿಯಮ ಕೇಳುತ್ತದೆ, ಆ ಬಲಕ್ಕೆ ಪ್ರತಿಬಲ ಎಲ್ಲಿದೆ ಅಂತ. ಬಾಟಲಿಯನ್ನು ಮುಂದಕ್ಕೆ ದೂಡಿದ ವಸ್ತು ಯಾವುದು, ಅದು ಹಿಂದಕ್ಕೆ ಹೋಯಿತಾ? ಅಂಥ ವಸ್ತುವೇ ಇಲ್ಲ. ಜೋಡಿಯಿಲ್ಲದ ಬಲವನ್ನು ಲೆಕ್ಕಕ್ಕೆ ತುರುಕಬೇಕಾದ ಅನಿವಾರ್ಯತೆ ಬಂತು ಅಂದರೆ ನಾವು ತಪ್ಪು ಜಾಗದಲ್ಲಿ ಕೂತಿದ್ದೇವೆ ಅಂತ ಅರ್ಥ.

ಬಸ್ ಪಾಸ್
ಬಿಎಂಟಿಸಿ ಒಳಗೆ ನ್ಯೂಟನ್‌ಗೂ ಸೀಟು ಸಿಗಲಿಲ್ಲ ಅಂದಂಗಾಯ್ತು.

ತರ್ಕಬದ್ಧ
ಲೋಲಕ ಸರ್ ಹೇಳಿದ್ದು ಚೆನ್ನಾಗಿದೆ, ಆದರೆ ಸುತ್ತಿ ಬಳಸಿ ಅದೇ ಜಾಗಕ್ಕೆ ಬರುತ್ತದೆ. ಇನರ್ಷಿಯಲ್ ಫ್ರೇಮ್ ಅಂದರೆ ಯಾವುದು? ಬಲ ಬೀಳದ ವಸ್ತು ನೇರ ಹೋಗುವ ಫ್ರೇಮ್. ವಸ್ತುವಿನ ಮೇಲೆ ಬಲ ಇಲ್ಲ ಅಂತ ಹೇಗೆ ಗೊತ್ತು? ಅದು ನೇರ ಹೋಗುತ್ತಿದೆ. ಇದಕ್ಕೆ ಏನನ್ನಬೇಕು?

ಇದು ನನ್ನ ತಲೆಹರಟೆ ಅಂದುಕೊಳ್ಳಬೇಡಿ. 19ನೇ ಶತಮಾನದಲ್ಲಿ ಇದರ ಮೇಲೆ ದೊಡ್ಡ ಜಗಳವೇ ಆಗಿದೆ. 1870ರಲ್ಲಿ ಕಾರ್ಲ್ ನಾಯ್ಮನ್ ಅನ್ನುವ ಜರ್ಮನ್ ಗಣಿತಜ್ಞ "ನೇರ ಗೆರೆ ಅಂತೀರಲ್ಲ, ಯಾವುದಕ್ಕೆ ಹೋಲಿಸಿ ನೇರ?" ಅಂತ ಕೇಳಿದ. ಉತ್ತರ ಸಿಗದೆ, ವಿಶ್ವದಲ್ಲಿ ಎಲ್ಲೋ ಅಲುಗದ ಒಂದು ಕಾಯ ಇದೆ ಅಂತ ಭಾವಿಸಿ ಅದಕ್ಕೆ "ಆಲ್ಫಾ" ಅಂತ ಹೆಸರಿಟ್ಟ. 1885ರಲ್ಲಿ ಲುಡ್ವಿಗ್ ಲಾಂಗೆ ಇದಕ್ಕಿಂತ ಜಾಣ ದಾರಿ ಹುಡುಕಿದ. ಒಂದೇ ಬಿಂದುವಿನಿಂದ ಮೂರು ಕಣಗಳನ್ನು ಬೇರೆ ಬೇರೆ ದಿಕ್ಕಿಗೆ ಎಸೆದು ಅವುಗಳ ಪಾಡಿಗೆ ಬಿಡಿ. ಮೂರೂ ಒಂದೇ ಸಮತಲದಲ್ಲಿ ಇರಬಾರದು. ಯಾವ ಫ್ರೇಮಿನಲ್ಲಿ ಮೂರೂ ನೇರ ಗೆರೆಯಲ್ಲಿ ಹೋಗುತ್ತವೋ ಅದೇ ಇನರ್ಷಿಯಲ್. ಇಲ್ಲಿಯವರೆಗೆ ಬರೀ ಹೆಸರಿಟ್ಟ ಹಾಗಾಯಿತು. ಈಗ ನಾಲ್ಕನೇ ಕಣ ಬಿಡಿ. ಅದೂ ನೇರ ಹೋಗುತ್ತದೆ ಅಂದರೆ, ಅದು ಪ್ರಕೃತಿಯ ಬಗ್ಗೆ ಹೇಳಿದ ಮಾತು. ಸುಳ್ಳಾಗಬಹುದಿತ್ತು, ಆಗಲಿಲ್ಲ. ಇನರ್ಷಿಯಲ್ ಅನ್ನುವ ಹೆಸರು ಕೊಟ್ಟವನೂ ಇವನೇ. ನ್ಯೂಟನ್ ಹೋಗಿ ಒಂದೂವರೆ ಶತಮಾನ ಕಳೆದ ಮೇಲೆ!

ವಿಜಯನಗರದ ಮಾವ
ಅಂದರೆ ನ್ಯೂಟನ್‌ಗೆ ಈ ಫ್ರೇಮ್ ವಿಷಯ ಗೊತ್ತೇ ಇರಲಿಲ್ಲವಾ? ಅವನು ಏನಂದುಕೊಂಡು ಬರೆದ ಹಾಗಾದರೆ?

ಲೋಲಕ
ಅವನಿಗೆ ಫ್ರೇಮ್ ಬೇಕಾಗಿರಲಿಲ್ಲ. ಅವನ ಹತ್ತಿರ ನಿರಪೇಕ್ಷ ಆಕಾಶ ಇತ್ತು. ಯಾವುದಕ್ಕೂ ಸಂಬಂಧವಿಲ್ಲದೆ ಸದಾ ಸ್ಥಿರವಾಗಿರುವ ಖಾಲಿ ಜಾಗ. 1687ರ ತನ್ನ ಪ್ರಿನ್ಸಿಪಿಯಾ ಪುಸ್ತಕದಲ್ಲಿ ನಿಯಮಗಳನ್ನು ಹೇಳುವ ಮೊದಲೇ ಇದನ್ನು ಇಟ್ಟಿದ್ದಾನೆ. ನಿಯಮಗಳಾದ ಮೇಲೆ ಬರುವ ಐದನೇ ಉಪಪ್ರಮೇಯದಲ್ಲಿ ಅವನೇ ಒಪ್ಪುತ್ತಾನೆ: ಇಡೀ ವ್ಯವಸ್ಥೆ ಸಮವೇಗದಲ್ಲಿ ನೇರ ಹೋಗುತ್ತಿದ್ದರೂ ನಿಂತಿದ್ದರೂ ಒಳಗಿನವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತೇ ಆಗದ ನಿಶ್ಚಲತೆಯನ್ನು ಯಾಕೆ ಹಿಡಿದುಕೊಂಡ? ಯಾಕೆಂದರೆ ತಿರುಗುವುದು ಗೊತ್ತಾಗುತ್ತದೆ.

ಬಕೆಟ್ ಪ್ರಯೋಗ ಕೇಳಿರಬಹುದು. ಮನೆಯ ತಾರಸಿಯಲ್ಲೇ ಮಾಡಬಹುದು. ಬಕೆಟ್ಟಿಗೆ ಅರ್ಧಕ್ಕಿಂತ ಜಾಸ್ತಿ ನೀರು ಹಾಕಿ, ಉದ್ದ ಹಗ್ಗ ಕಟ್ಟಿ ತೂಗುಹಾಕಿ. ಹಗ್ಗ ಬಿಗಿಯಾಗುವ ತನಕ ಹುರಿ ಹಾಕಿ. ನೀರು ನಿಂತ ಮೇಲೆ ಬಿಡಿ. ಮೊದಲು ಬಕೆಟ್ ಮಾತ್ರ ಗಿರ್ರನೆ ತಿರುಗುತ್ತದೆ, ನೀರು ಮಟ್ಟಸವಾಗೇ ಇರುತ್ತದೆ. ಆಮೇಲೆ ನೀರೂ ಬಕೆಟ್ಟಿನ ಜೊತೆ ತಿರುಗೋಕೆ ಶುರು. ಆಗ ನಡುವೆ ತಗ್ಗು, ಅಂಚಿಗೆ ನೀರು ಹತ್ತುತ್ತದೆ. ಈಗ ಬಕೆಟ್ ಹಿಡಿದು ನಿಲ್ಲಿಸಿ. ನೀರು ಇನ್ನೂ ತಿರುಗುತ್ತಿದೆ, ತಗ್ಗು ಹಾಗೇ ಇದೆ.

ಈಗ ಲೆಕ್ಕ ಹಾಕಿ. ಶುರುವಿನಲ್ಲಿ ಬಕೆಟ್ಟಿಗೆ ಹೋಲಿಸಿದರೆ ನೀರು ತಿರುಗುತ್ತಿತ್ತು, ತಗ್ಗು ಇಲ್ಲ. ನಡುವೆ ಬಕೆಟ್ಟಿಗೆ ಹೋಲಿಸಿದರೆ ನಿಂತಿತ್ತು, ತಗ್ಗು ಇದೆ. ಹಾಗಾಗಿ ತಗ್ಗಿಗೂ ಬಕೆಟ್ಟಿಗೂ ಸಂಬಂಧವಿಲ್ಲ. ಯಾವುದಕ್ಕೆ ಹೋಲಿಸಿದ ತಿರುಗಾಟ ಇದು? ನಿರಪೇಕ್ಷ ಆಕಾಶಕ್ಕೆ, ಅಂದ ನ್ಯೂಟನ್.

ತರ್ಕಬದ್ಧ
ಲೈಬ್ನಿಟ್ಸ್ ಅದನ್ನು ಒಪ್ಪಲೇ ಇಲ್ಲ. 1715–16ರಲ್ಲಿ ನ್ಯೂಟನ್ ಪರವಾಗಿ ಸ್ಯಾಮ್ಯುಯೆಲ್ ಕ್ಲಾರ್ಕ್, ಎದುರಿಗೆ ಲೈಬ್ನಿಟ್ಸ್. ಪತ್ರಗಳಲ್ಲೇ ಯುದ್ಧ. ಇಡೀ ವಿಶ್ವವನ್ನು ಎತ್ತಿ ಸ್ವಲ್ಪ ಪಕ್ಕಕ್ಕೆ ಇಟ್ಟರೆ ಏನು ಬದಲಾಯಿತು ಅಂತ ಲೈಬ್ನಿಟ್ಸ್ ಕೇಳುತ್ತಾನೆ. ಏನೂ ಇಲ್ಲ ಅಂದರೆ ಆ "ಜಾಗ" ಅನ್ನುವುದು ವಸ್ತುಗಳ ನಡುವಿನ ಸಂಬಂಧ ಮಾತ್ರ, ಬೇರೆ ಪದಾರ್ಥವಲ್ಲ. 1716ರಲ್ಲಿ ಲೈಬ್ನಿಟ್ಸ್ ತೀರಿಕೊಂಡ, ಪತ್ರಗಳು ಅಲ್ಲಿಗೇ ನಿಂತವು. ಬಕೆಟ್ಟಿಗೆ ಸರಿಯಾದ ಏಟು ಕೊಟ್ಟಿದ್ದು 1883ರಲ್ಲಿ ಅರ್ನ್ಸ್ಟ್ ಮಾಖ್. ತೆಳು ಬಕೆಟ್ಟಿಗೆ ಹೋಲಿಸಿ ತಗ್ಗು ಬರಲಿಲ್ಲ, ಸರಿ. ಬಕೆಟ್ಟಿನ ಗೋಡೆ ಮೈಲುಗಟ್ಟಲೆ ದಪ್ಪ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯಾರು ನೋಡಿದ್ದಾರೆ? ನೀರು ತಿರುಗುತ್ತಿರೋದು ದೂರದ ನಕ್ಷತ್ರಗಳಿಗೆ ಹೋಲಿಸಿ ಅಂತ ಯಾಕೆ ಅನ್ನಬಾರದು?

ಪೀಣ್ಯದ ಲೇತ್
ಇಡೀ ಥ್ರೆಡ್ ಓದಿದೆ. ಸ್ವಾಮಿ, ನಾನು ಶಾಫ್ಟ್ ಬ್ಯಾಲೆನ್ಸ್ ಮಾಡೋ ಕೆಲಸದವನು. ಯಾವುದಕ್ಕೆ ಹೋಲಿಸಿ ತಿರುಗುತ್ತಿದೆ ಅಂತ ಒಬ್ಬ ಗಿರಾಕಿಯೂ ಕೇಳಿಲ್ಲ. ಒಂದು ಪಕ್ಕ ಎರಡು ಗ್ರಾಂ ಜಾಸ್ತಿ ಇದ್ದರೂ ಬೇರಿಂಗ್ ನಡುಗುತ್ತದೆ, ಕೈಯಿಟ್ಟರೆ ಗೊತ್ತಾಗುತ್ತದೆ. ಕಿಟಕಿ ಮುಚ್ಚಿದ ಶೆಡ್ಡಿನಲ್ಲಿ, ಹಗಲು ಹೊತ್ತಿನಲ್ಲಿ. ನಕ್ಷತ್ರ ಗಿಕ್ಷತ್ರ ಏನೂ ಬೇಕಾಗಿಲ್ಲ.

ತರ್ಕಬದ್ಧ
ನೀವು ಈಗ ಹೇಳಿದ್ದೇ ನ್ಯೂಟನ್ ವಾದ! ಹೊರಗೆ ನೋಡದೆ ತಿರುಗಾಟ ಗೊತ್ತಾಗುತ್ತದೆ ಅನ್ನೋದೇ ಅವನ ಪಾಯಿಂಟು. ತತ್ವಶಾಸ್ತ್ರ ಬೇಡ ಅಂತ ಬಂದು ತತ್ವಶಾಸ್ತ್ರವನ್ನೇ ಹೇಳಿದಿರಿ.

ಪೀಣ್ಯದ ಲೇತ್
ನಾನು ಬೇರಿಂಗ್ ವಿಷಯ ಹೇಳಿದೆ. ನೀವು ಏನು ಬೇಕಾದರೂ ಹೆಸರಿಟ್ಟುಕೊಳ್ಳಿ.

ಸೂತ್ರಧಾರಿ
ಇಷ್ಟೆಲ್ಲ ವಿದೇಶಿ ಹೆಸರು ಹೇಳಿದಿರಿ. ನ್ಯೂಟನ್‌ಗಿಂತ ಎರಡು ಸಾವಿರ ವರ್ಷ ಮೊದಲೇ ಕಣಾದ ಮಹರ್ಷಿಗಳು ಮೂರೂ ನಿಯಮಗಳನ್ನು ವೈಶೇಷಿಕ ಸೂತ್ರದಲ್ಲಿ ಬರೆದಿದ್ದಾರೆ. "ವೇಗಃ ನಿಮಿತ್ತವಿಶೇಷಾತ್ ಕರ್ಮಣೋ ಜಾಯತೇ" ಮೊದಲ ನಿಯಮ. ಉಳಿದೆರಡೂ ಹೀಗೇ ಇವೆ. ವಾಟ್ಸಾಪ್‌ನಲ್ಲಿ ಬಂದಿದ್ದನ್ನು ಬೇಕಾದರೆ ಹಾಕುತ್ತೇನೆ. ನಮ್ಮವರಿಗೆ ನಮ್ಮದು ಗೊತ್ತಿಲ್ಲ.

ಬಸ್ ಪಾಸ್
ಬಂತು ನೋಡಿ. ಇದಕ್ಕೇ ಕಾಯ್ತಿದ್ದೆ.

ಪದಪಾಠ
ಸೂತ್ರಧಾರಿಯವರೇ, ನಾನು ಸಂಸ್ಕೃತ ಎಂಎಗೆ ವೈಶೇಷಿಕ ಓದಿದವಳು, ಆ ಮೆಸೇಜ್ ನನಗೂ ಬಂದಿದೆ. ಆ ಮಾತು ಕಣಾದರ ಸೂತ್ರವೇ ಅಲ್ಲ. ಶತಮಾನಗಳ ನಂತರ ಬಂದ ಪ್ರಶಸ್ತಪಾದರ ಭಾಷ್ಯದ್ದು. ಅಲ್ಲಿ ಅದು ವೇಗದ ಬಗ್ಗೆ ಇರುವ ಒಂದೇ ವಾಕ್ಯ. ಅದನ್ನು ಮೂರು ತುಂಡು ಮಾಡಿ ಮೂರು ನಿಯಮ ಅಂತ ಹಂಚುತ್ತಿದ್ದಾರೆ. ವಾಕ್ಯದ ಸಾರ ಇಷ್ಟು: ವೇಗ ಕ್ರಿಯೆಯಿಂದ ಹುಟ್ಟುತ್ತದೆ, ಒಂದು ನಿಶ್ಚಿತ ದಿಕ್ಕಿನಲ್ಲಿ ಚಲನೆ ಮುಂದುವರಿಯೋಕೆ ಕಾರಣವಾಗುತ್ತದೆ, ಮುಟ್ಟುವಂಥ ವಸ್ತುವಿಗೆ ತಾಗಿದರೆ ಕುಂದುತ್ತದೆ. ಕೊನೆಯ ತುಂಡನ್ನು ಕ್ರಿಯೆ ಪ್ರತಿಕ್ರಿಯೆ ನಿಯಮ ಅಂತ ದಾಟಿಸಿಬಿಟ್ಟಿದ್ದಾರೆ. ಅಲ್ಲಿ ಸಮಬಲವೂ ಇಲ್ಲ, ವಿರುದ್ಧ ದಿಕ್ಕೂ ಇಲ್ಲ.

ನನಗೆ ಬೇಜಾರಾಗೋದು ಏನು ಗೊತ್ತಾ? ನಿಜವಾದ ಸೂತ್ರಗಳು ಇದಕ್ಕಿಂತ ಚೆನ್ನಾಗಿವೆ, ಅವನ್ನು ಯಾರೂ ಫಾರ್ವರ್ಡ್ ಮಾಡಲ್ಲ. ಐದನೇ ಅಧ್ಯಾಯ ತೆಗೆದು ನೋಡಿ. "ಸಂಯೋಗಾಭಾವೇ ಗುರುತ್ವಾತ್ ಪತನಮ್." ಹಿಡಿದುಕೊಂಡಿದ್ದು ಬಿಟ್ಟುಹೋದರೆ ಗುರುತ್ವದಿಂದ ಬೀಳುತ್ತದೆ. ಮುಂದೆ ಬಾಣದ ವಿಷಯ ಬರುತ್ತದೆ. ಬಾಣದ ಮೊದಲ ಚಲನೆ ನೋದನದಿಂದ, ಅಂದರೆ ದೂಡುವುದರಿಂದ. ಆ ಚಲನೆ ಬಾಣದಲ್ಲಿ ಒಂದು ಸಂಸ್ಕಾರ ಹುಟ್ಟಿಸುತ್ತದೆ. ಅದರಿಂದ ಮುಂದಿನ ಚಲನೆ, ಅದರ ಮುಂದಿನದು, ಹೀಗೆ. ಸಂಸ್ಕಾರ ತೀರಿದ ಮೇಲೆ ಗುರುತ್ವದಿಂದ ಪತನ. ಬಿಲ್ಲಿನಿಂದ ಬಿಟ್ಟ ಮೇಲೆ ಬಾಣವನ್ನು ದೂಡೋದು ಯಾರು ಅನ್ನುವ ಪ್ರಶ್ನೆಯನ್ನು ಹಿಡಿದು ಕೂತು ಯೋಚಿಸಿದ್ದಾರೆ. ಎಂಥ ಒಳ್ಳೆ ಪ್ರಶ್ನೆ!

ಆದರೆ ಇದು ಜಡತ್ವ ಅಲ್ಲ. ಇಲ್ಲಿ ಚಲನೆ ಮುಂದುವರಿಯೋಕೆ ಒಳಗೊಂದು ಕಾರಣ ಬೇಕು. ನ್ಯೂಟನ್‌ನಲ್ಲಿ ಸಮವೇಗಕ್ಕೆ ಹೊರಗಿನ ಕಾರಣವೇ ಬೇಡ, ವೇಗ ಬದಲಾಗೋಕೆ ಮಾತ್ರ ಬೇಕು.

ಸೂತ್ರಧಾರಿ
ನೀವು ವಿದೇಶಿ ಕನ್ನಡಕ ಹಾಕಿಕೊಂಡು ಓದಿದ್ದೀರಿ. ಭಾಸ್ಕರಾಚಾರ್ಯರು ಗುರುತ್ವಾಕರ್ಷಣೆ ಹೇಳಿಲ್ಲವಾ ಹಾಗಾದರೆ?

ಪದಪಾಠ
ಹೇಳಿದ್ದಾರೆ. ಇಲ್ಲ ಅಂದಿಲ್ಲವಲ್ಲ. 1150ರ ಸಿದ್ಧಾಂತ ಶಿರೋಮಣಿಯ ಗೋಲಾಧ್ಯಾಯದಲ್ಲಿದೆ. ಭೂಮಿಗೆ ಸೆಳೆಯುವ ಶಕ್ತಿ ಇದೆ, ಆಕಾಶದಲ್ಲಿರುವ ಭಾರದ ವಸ್ತುವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಅದು ಬೀಳುವ ಹಾಗೆ ಕಾಣುತ್ತದೆ. ಕೊನೆಗೆ ಒಂದು ಏಟು: ಸುತ್ತಲೂ ಆಕಾಶ ಸಮವಾಗಿರುವಾಗ ಭೂಮಿ ತಾನು ಎಲ್ಲಿಗೆ ಬೀಳಬೇಕು? ಎಷ್ಟು ಸಲ ಓದಿದರೂ ನನಗೆ ಖುಷಿ. ಆದರೆ ಅದೇ ಸೆಳೆತ ಚಂದ್ರನನ್ನೂ ಹಿಡಿದಿದೆ, ದೂರ ಎರಡು ಪಟ್ಟಾದರೆ ಕಾಲು ಭಾಗಕ್ಕೆ ಇಳಿಯುತ್ತದೆ ಅನ್ನುವ ಲೆಕ್ಕ ಅಲ್ಲಿಲ್ಲ. ಇಲ್ಲದ್ದನ್ನು ಹೊರಿಸಿದರೆ ಇದ್ದದ್ದಕ್ಕೂ ಮರ್ಯಾದೆ ಹೋಗುತ್ತದೆ.

ನಿರ್ವಾಹಕ
ಕನ್ನಡಕ, ದೇಶ, ಪಕ್ಷ ಎಲ್ಲ ಬೇಡ. ಸೂತ್ರದ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಿ.

ಲೋಲಕ
ಪದಪಾಠ ಮೇಡಂ ಬರೆದಿದ್ದಕ್ಕೆ ಒಂದು ಸೇರಿಸುತ್ತೇನೆ. ಬಾಣದ ಆ ಪ್ರಶ್ನೆ ಎಲ್ಲ ಕಡೆಯೂ ಕಾಡಿದೆ. ಬಾಣದ ಹಿಂದೆ ಗಾಳಿ ದೂಡುತ್ತದೆ ಅಂತ ಅರಿಸ್ಟಾಟಲ್ ತೇಲಿಸಿದ್ದ. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಫಿಲೊಪೊನಸ್ ಅದನ್ನು ಹಂಗಿಸಿ, ಎಸೆದವನೇ ವಸ್ತುವಿನೊಳಗೆ ಏನೋ ತುಂಬುತ್ತಾನೆ ಅಂದ. ಪರ್ಷಿಯಾದ ಇಬ್ನ್ ಸೀನಾ ಅದನ್ನು ಬೆಳೆಸಿದ. 14ನೇ ಶತಮಾನದಲ್ಲಿ ಪ್ಯಾರಿಸ್‌ನ ಬುರಿಡಾನ್ ಅದಕ್ಕೆ ಇಂಪೆಟಸ್ ಅಂತ ಹೆಸರಿಟ್ಟು, ವಸ್ತು ಹೆಚ್ಚಿದ್ದರೆ ಇಂಪೆಟಸ್ ಹೆಚ್ಚು, ವೇಗ ಹೆಚ್ಚಿದ್ದರೂ ಹೆಚ್ಚು ಅಂತ ಅಳತೆಯ ದಾರಿಗೆ ತಂದ. ಹಾಗಾಗಿ "ಅರಿಸ್ಟಾಟಲ್ ಪೆದ್ದ, ಆಮೇಲೆ ಕತ್ತಲೆ, ಆಮೇಲೆ ಸೇಬು ಬಿತ್ತು" ಅನ್ನುವ ಕತೆಯೂ ವಾಟ್ಸಾಪ್ ಮಟ್ಟದ್ದೇ.

ಕುಂದಾಪ್ರದ ಗಂಡು
ಮಾರಾಯ್ರೆ ನಂದೊಂದು ಸಣ್ಣ ಡೌಟು. ಗೆಲಿಲಿಯೋ ಪೀಸಾ ಗೋಪುರದ ಮೇಲಿಂದ ಎರಡು ಗುಂಡು ಬಿಟ್ಟದ್ದು ಹೌದಾ?

ಲೋಲಕ
ಆ ಕತೆ ಹೇಳಿದ್ದು ಅವನ ಶಿಷ್ಯ ವಿವಿಯಾನಿ, ಗುರು ತೀರಿಕೊಂಡ ಮೇಲೆ ಬರೆದ ಜೀವನ ಚರಿತ್ರೆಯಲ್ಲಿ. ಗೆಲಿಲಿಯೋ ತಾನು ಪೀಸಾ ಗೋಪುರದಿಂದ ಬಿಟ್ಟೆ ಅಂತ ಎಲ್ಲೂ ಬರೆದಿಲ್ಲ. ಅವನು ವಿವರವಾಗಿ ಬರೆದಿರೋದು ಇಳಿಜಾರಿನ ಪ್ರಯೋಗ. ಉದ್ದ ಮರದ ಹಲಗೆಯಲ್ಲಿ ತೋಡು ಕೊರೆದು, ಒಳಗೆ ನುಣುಪಾದ ಚರ್ಮದ ಹಾಳೆ ಅಂಟಿಸಿ, ಕಂಚಿನ ಗುಂಡು ಉರುಳಿಸಿದ. ನಿಖರವಾದ ಗಡಿಯಾರ ಇಲ್ಲದ್ದಕ್ಕೆ ಪಾತ್ರೆಯ ತಳದ ಸಣ್ಣ ಕೊಳವೆಯಿಂದ ಬೀಳುವ ನೀರನ್ನು ಹಿಡಿದು ತೂಗಿದ. ನೀರಿನ ತೂಕವೇ ಕಾಲ! ಸಮಾನ ಕಾಲಗಳಲ್ಲಿ ಹೋದ ದೂರ 1, 3, 5, 7 ಹೀಗೆ ಬೆಳೆಯುತ್ತದೆ ಅಂತ ತೋರಿಸಿದ. ಪುಸ್ತಕ ಬಂದಿದ್ದು 1638ರಲ್ಲಿ, ಹಾಲೆಂಡಿನ ಲೈಡನ್‌ನಲ್ಲಿ. ಆಗ ಅವನು ಗೃಹಬಂಧನದಲ್ಲಿದ್ದ.

ತರ್ಕಬದ್ಧ
ಗೋಪುರ ಹತ್ತದೇ ಮಾಡಿದ ವಾದವೂ ಅದೇ ಪುಸ್ತಕದಲ್ಲಿದೆ. ಭಾರದ್ದು ಬೇಗ ಬೀಳುತ್ತದೆ ಅಂತಿಟ್ಟುಕೊಳ್ಳಿ. ದೊಡ್ಡ ಕಲ್ಲಿಗೆ ಸಣ್ಣ ಕಲ್ಲು ಕಟ್ಟಿ ಬಿಡಿ. ಸಣ್ಣದು ನಿಧಾನ, ಹಾಗಾಗಿ ದೊಡ್ಡದನ್ನು ಹಿಂದಕ್ಕೆ ಜಗ್ಗಬೇಕು. ಆದರೆ ಎರಡೂ ಸೇರಿ ಇನ್ನೂ ಭಾರ, ಹಾಗಾಗಿ ಇನ್ನೂ ಬೇಗ ಬೀಳಬೇಕು. ಎರಡೂ ಹೇಗೆ ಸಾಧ್ಯ?

ಆದರೆ ಜಡತ್ವವನ್ನು ಪೂರ್ತಿ ಗೆಲಿಲಿಯೋ ಲೆಕ್ಕಕ್ಕೆ ಬರೆಯೋದು ಸರಿಯಲ್ಲ, ಕೋಡರ್ ಗಮನಕ್ಕೆ. ಅವನ ಪ್ರಕಾರ ಅಡೆತಡೆಯಿಲ್ಲದೆ ಸಾಗುವ ಗುಂಡು ಭೂಮಿಯ ಮೈಗುಂಟ, ಅಂದರೆ ವೃತ್ತದಲ್ಲಿ ಹೋಗುತ್ತಿರುತ್ತದೆ. ನೇರ ಗೆರೆ ಅಂತ ನಿಯಮವಾಗಿ ಕಟ್ಟಿದ್ದು ಡೆಕಾರ್ಟ್, 1644ರಲ್ಲಿ. ಅದೇ ಪುಸ್ತಕದಲ್ಲಿ ಅವನು ಡಿಕ್ಕಿಯ ಏಳು ನಿಯಮ ಬರೆದ, ಹೆಚ್ಚಿನವು ತಪ್ಪು. ಹೈಗೆನ್ಸ್ ಬಂದು ತಿದ್ದಬೇಕಾಯಿತು.

ಕತ್ತರಿಗುಪ್ಪೆ ಕೋಡರ್
ಸರಿ ಬಿಡಿ, ನೇರ ಗೆರೆ ಡೆಕಾರ್ಟ್‌ದು. ಎಫ್ ಈಸ್ ಈಕ್ವಲ್ ಟು ಎಂಎ ಆದರೂ ನ್ಯೂಟನ್‌ದು ತಾನೇ?

ಲೋಲಕ
ಆ ರೂಪದಲ್ಲಿ ಪ್ರಿನ್ಸಿಪಿಯಾದಲ್ಲಿ ಇಲ್ಲ. ಚಲನೆಯ ಬದಲಾವಣೆ ಹಾಕಿದ ಬಲಕ್ಕೆ ಅನುಪಾತದಲ್ಲಿರುತ್ತದೆ, ಬಲದ ದಿಕ್ಕಿನಲ್ಲೇ ಆಗುತ್ತದೆ ಅಂತ ಮಾತಿನಲ್ಲಿದೆ. ಚಲನೆ ಅಂದರೆ ಅವನಿಗೆ ರಾಶಿ ಮತ್ತು ವೇಗದ ಗುಣಲಬ್ಧ. ಪುಸ್ತಕ ತುಂಬಾ ರೇಖಾಗಣಿತ. ನಾವು ಈಗ ಬರೆಯುವ ಹಾಗೆ ಮೂರು ಅಕ್ಷಕ್ಕೆ ಮೂರು ಸಮೀಕರಣ ಬರೆದು, ಇದು ಎಲ್ಲ ವಸ್ತುಗಳಿಗೂ, ಎಲ್ಲ ಕಣಕ್ಕೂ ಸಲ್ಲುವ ತತ್ವ ಅಂತ ಸಾರಿದವನು ಆಯ್ಲರ್. 1750ರಲ್ಲಿ, ಬರ್ಲಿನ್‌ನಲ್ಲಿ. ಪ್ರಿನ್ಸಿಪಿಯಾ ಬಂದು 63 ವರ್ಷ ಆದ ಮೇಲೆ.

ಪೀಣ್ಯದ ಲೇತ್
ಇದು ನನಗೆ ಗೊತ್ತಿರಲಿಲ್ಲ. ಬೀಮ್ ಬಾಗೋದರ ಲೆಕ್ಕ, ಕಂಬ ಮುರಿಯೋದರ ಲೆಕ್ಕ, ಎಲ್ಲಾ ಕಡೆ ಆಯ್ಲರ್ ಹೆಸರಿದೆ. ಮೂಲದ ಸೂತ್ರವೂ ಅವನದೇ ಅಂದರೆ ಬಡಪಾಯಿಗೆ ಅನ್ಯಾಯ ಆಗಿದೆ.

ಚಿಕ್ಕಪೇಟೆ ಚಿನ್ನು
ವಿಷಯಾಂತರ ಆದರೆ ಕ್ಷಮಿಸಿ. ಪಿಯುಸಿ ಲ್ಯಾಬ್‌ನಲ್ಲಿ ಸರಳ ಲೋಲಕ ಮಾಡಿಸಿದ್ದರು. ದಾರ, ಹಿತ್ತಾಳೆ ಗುಂಡು, 20 ಆಂದೋಲನ, ಕೈಯಲ್ಲಿ ಸ್ಟಾಪ್‌ವಾಚ್. ಗುರುತ್ವದ ಬೆಲೆ ನನಗೆ 978 ಬಂತು, ಸೆಂಟಿಮೀಟರ್ ಲೆಕ್ಕದಲ್ಲಿ. "980 ಬರಬೇಕು, ಮತ್ತೆ ಮಾಡು" ಅಂತ ರೆಕಾರ್ಡ್ ವಾಪಸ್ ಕೊಟ್ಟರು. ಪಕ್ಕದ ಬೆಂಚಿನವನು ದಾರ ಮುಟ್ಟಲೇ ಇಲ್ಲ. ಕೊನೆಯಲ್ಲಿ 980 ಬರೆದು ಹಿಂದಕ್ಕೆ ಲೆಕ್ಕ ಹಾಕಿಕೊಂಡು ಟೇಬಲ್ ತುಂಬಿಸಿದ. ಅವನಿಗೆ ಪೂರ್ತಿ ಮಾರ್ಕ್ಸ್. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಲೋಲಕ
ಉರಿಯಲೇಬೇಕು, ಬೆಂಗಳೂರಿನಲ್ಲಿ ಅದು 978ರ ಆಸುಪಾಸಿನಲ್ಲೇ ಇದೆ! ನಾವು ಸಮಭಾಜಕಕ್ಕೆ ಹತ್ತಿರ, ಅದರ ಮೇಲೆ ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರ. ಎರಡರಿಂದಲೂ ಸೆಳೆತ ಸ್ವಲ್ಪ ಕಮ್ಮಿ. 1672ರಲ್ಲಿ ಜಾನ್ ರಿಷೆ ಪ್ಯಾರಿಸ್‌ನಿಂದ ದಕ್ಷಿಣ ಅಮೆರಿಕದ ಕಯೆನ್‌ಗೆ ಲೋಲಕದ ಗಡಿಯಾರ ಒಯ್ದಾಗ ಅದು ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಲೋಲಕವನ್ನು ಗಿಡ್ಡ ಮಾಡಬೇಕಾಯಿತು. ಭೂಮಿ ನಡುವಲ್ಲಿ ಉಬ್ಬಿದೆ ಅನ್ನುವ ವಾದಕ್ಕೆ ನ್ಯೂಟನ್ ಇದನ್ನೇ ಸಾಕ್ಷಿ ಮಾಡಿಕೊಂಡ.

ಆದರೆ ಒಂದು ಮಾತು. 978ಕ್ಕೂ 980ಕ್ಕೂ ಇರುವ ವ್ಯತ್ಯಾಸ 20 ಆಂದೋಲನದ 40 ಸೆಕೆಂಡಿನಲ್ಲಿ ಸುಮಾರು 0.04 ಸೆಕೆಂಡು. ನಿಮ್ಮ ಹೆಬ್ಬೆರಳಿನ ತಡವೇ ಅದಕ್ಕಿಂತ ಜಾಸ್ತಿ. ನಿಮಗೆ 978 ಬಂದಿದ್ದು ಅದೃಷ್ಟ.

ಚಿಕ್ಕಪೇಟೆ ಚಿನ್ನು
ಸಮಾಧಾನ ಮಾಡಿ ಮತ್ತೆ ಕಿತ್ಕೊಂಡ್ರಿ ಸರ್ 😀

ಕುಂದಾಪ್ರದ ಗಂಡು
ಲೋಲಕ ಅಂದದ್ದಕ್ಕೆ ನೆನಪಾಯ್ತು. ಭೂಮಿ ತಿರುಗುದ್ರಿಂದ ತೂಗಾಟದ ದಿಕ್ಕೇ ನಿಧಾನ ತಿರುಗ್ತದಲ್ಲ, ಆ ಫೂಕೋ ಲೋಲಕ ಬೆಂಗಳೂರಲ್ಲಿ ತೂಗುಹಾಕಿದ್ರೆ ಒಂದು ಸುತ್ತು ಬರ್ಲಿಕ್ಕೆ ಎಷ್ಟು ಹೊತ್ತು?

ಕತ್ತರಿಗುಪ್ಪೆ ಕೋಡರ್
ಇದು ನನಗೆ ಬಿಡಿ. 24 ಗಂಟೆಯನ್ನು ಅಕ್ಷಾಂಶದ ಸೈನ್‌ನಿಂದ ಭಾಗಿಸಬೇಕು. ಬೆಂಗಳೂರು 13 ಡಿಗ್ರಿ, ಸೈನ್ 0.225. ಸುಮಾರು 107 ಗಂಟೆ, ಗಂಟೆಗೆ 3.4 ಡಿಗ್ರಿ. 1851ರಲ್ಲಿ ಫೂಕೋ ಪ್ಯಾರಿಸ್‌ನ ಪ್ಯಾಂಥಿಯನ್‌ನಲ್ಲಿ 67 ಮೀಟರ್ ತಂತಿಗೆ 28 ಕೆಜಿ ಗುಂಡು ಕಟ್ಟಿ ತೋರಿಸಿದ್ದ. ಅಲ್ಲಿ 32 ಗಂಟೆ ಸಾಕು.

ಬಸ್ ಪಾಸ್
107 ಗಂಟೆ ಅಂದ್ರೆ ಮಳೆ ಬಂದ ದಿನ ಸಿಲ್ಕ್ ಬೋರ್ಡ್ ದಾಟೋ ಟೈಮು.

ತರ್ಕಬದ್ಧ
ಇದೂ ಬಕೆಟ್ಟಿನ ತಮ್ಮನೇ. ಲೋಲಕದ ತೂಗಾಟ ನೆಲಕ್ಕೆ ಹೋಲಿಸಿ ತಿರುಗುತ್ತದೆ. ಲೋಲಕಕ್ಕೆ ಯಾರೂ ಪಕ್ಕದಿಂದ ದೂಡಿಲ್ಲ. ಹಾಗಾಗಿ ಮಿನರ್ವ ಸರ್ಕಲ್ ಫುಟ್‌ಪಾತ್ ಕೂಡ ಪಕ್ಕಾ ಇನರ್ಷಿಯಲ್ ಅಲ್ಲ, ಲೋಲಕ ಸರ್.

ಲೋಲಕ
ಬಾಟಲಿಗೆ ಅಷ್ಟು ಸಾಕು. ಬೇಕಾದ ನಿಖರತೆಗೆ ತಕ್ಕ ಫ್ರೇಮ್ ಆರಿಸಿಕೊಳ್ಳೋದೇ ಕಸುಬು. ಬಸ್ಸಿಗೆ ಫುಟ್‌ಪಾತ್, ಫೂಕೋಗೆ ಭೂಮಿಯ ಕೇಂದ್ರ ಮತ್ತು ನಕ್ಷತ್ರಗಳು, ಗ್ರಹಗಳಿಗೆ ಸೂರ್ಯ.

ಇಂಥ ಪ್ರಶ್ನೆ ಇರುವವರು ಬಸವನಗುಡಿ ನ್ಯಾಷನಲ್ ಕಾಲೇಜಿಗೂ ಹೋಗಿ ನೋಡಿ. ಎಚ್. ನರಸಿಂಹಯ್ಯ 1962ರಲ್ಲಿ ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂನ ಬುಧವಾರದ ಉಪನ್ಯಾಸಗಳಲ್ಲಿ ಪ್ರಶ್ನೋತ್ತರದ ಹೊತ್ತಿಗೇ ನಿಜವಾದ ಮಜಾ.

ಜಯನಗರ ಶಟಲ್
ಇಂಜಿನಿಯರಿಂಗ್ ಮೂರನೇ ಸೆಮ್. ನಮಗೆ ಲಗ್ರಾಂಜಿಯನ್ ಶುರುವಾಗಿದೆ, ಬಲದ ಬದಲು ಶಕ್ತಿಯಿಂದ ಚಲನೆಯ ಲೆಕ್ಕ ಮಾಡೋ ವಿಧಾನ. ಬಲದ ಚಿತ್ರವೇ ಇಲ್ಲ, ಬಾಣದ ಗುರುತು ಇಲ್ಲ, ಶಕ್ತಿ ಬರಿ, ಡಿಫರೆನ್ಷಿಯೇಟ್ ಮಾಡು, ಉತ್ತರ. ಇಷ್ಟೆಲ್ಲ ಬಲದ ಬಗ್ಗೆ ಹೊಡೆದಾಡುತ್ತಿದ್ದೀರಿ, ಅಲ್ಲಿ ಬಲವೇ ಕಾಣೆಯಾಗಿದೆಯಲ್ಲ?

ಲೋಲಕ
ಲಗ್ರಾಂಜ್ ತನ್ನ 1788ರ ಪುಸ್ತಕದ ಮುನ್ನುಡಿಯಲ್ಲೇ ಇದರಲ್ಲಿ ಒಂದೂ ಚಿತ್ರ ಸಿಗಲ್ಲ ಅಂತ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಮುಂದೆ 1894ರಲ್ಲಿ ಹರ್ಟ್ಸ್ ಬಲ ಅನ್ನುವ ಮೂಲಕಲ್ಪನೆಯನ್ನೇ ತೆಗೆದುಹಾಕಿ ಇಡೀ ಮೆಕ್ಯಾನಿಕ್ಸ್ ಕಟ್ಟೋಕೆ ನೋಡಿದ. ಬರೀ ಕಾಲ, ಜಾಗ, ರಾಶಿ. ಬಲ ನಿಜವಾದ ವಸ್ತುವಾ, ಲೆಕ್ಕದ ಅನುಕೂಲವಾ ಅನ್ನೋ ಅನುಮಾನ ಒಳಗಿನವರಿಗೇ ಇತ್ತು.

ಪೀಣ್ಯದ ಲೇತ್
ಪ್ರೆಸ್ ಮಷೀನ್ ಕೆಳಗೆ ಬೆರಳಿಟ್ಟರೆ ಬಲ ನಿಜವಾ ಅಂತ ಗೊತ್ತಾಗುತ್ತದೆ.

ಜಯನಗರ ಶಟಲ್
🤣 ಇದನ್ನು ಇಂಟರ್ನಲ್ಸ್‌ನಲ್ಲಿ ಬರೀತೀನಿ.

ಸೂತ್ರಧಾರಿ
ಒಟ್ಟಿನಲ್ಲಿ ನಿಮ್ಮ ನ್ಯೂಟನ್ ಪ್ರಕಾರ ಈಗಿನ ಸ್ಥಿತಿ ಗೊತ್ತಿದ್ದರೆ ಮುಂದಿನದು ಪೂರ್ತಿ ನಿಶ್ಚಿತ. ಹಣೆಬರಹ ಅಂದರೆ ನಗುತ್ತೀರಿ, ಇದು ಅದೇ ಅಲ್ವಾ?

ತರ್ಕಬದ್ಧ
ಒಳ್ಳೆ ಪ್ರಶ್ನೆ, ನಿಜವಾಗಿ. ಹಾಗಂತ ಲಾಪ್ಲಾಸ್ 1814ರಲ್ಲಿ ಬರೆದ. ಎಲ್ಲ ಕಣಗಳ ಸ್ಥಾನ, ವೇಗ, ಬಲ ತಿಳಿದ ಒಂದು ಬುದ್ಧಿಗೆ ಭವಿಷ್ಯವೂ ಭೂತವೂ ಕಣ್ಣ ಮುಂದೆ ಇರುತ್ತದೆ ಅಂತ. ಆಮೇಲೆ ಪೊಂಕಾರೆ ಬಂದ. ಸ್ವೀಡನ್ ದೊರೆ ಆಸ್ಕರ್ ಹೆಸರಿನ ಬಹುಮಾನ 1889ರಲ್ಲಿ ಅವನಿಗೆ ಬಂತು, ಮೂರು ಕಾಯಗಳ ಸಮಸ್ಯೆಗೆ, ಅಂದರೆ ಒಂದನ್ನೊಂದು ಸೆಳೆಯುವ ಮೂರು ಕಾಯಗಳು ಹೇಗೆ ಚಲಿಸುತ್ತವೆ ಅನ್ನೋದಕ್ಕೆ. ಮುದ್ರಣದ ಹೊತ್ತಿಗೆ ತಪ್ಪು ಕಂಡಿತು. ತಿದ್ದುತ್ತಾ ಹೋದಾಗ, ಶುರುವಿನಲ್ಲಿ ಕೂದಲೆಳೆ ವ್ಯತ್ಯಾಸ ಇದ್ದರೂ ಮುಂದೆ ದಾರಿಗಳು ಪೂರಾ ಬೇರೆಯಾಗುತ್ತವೆ ಅಂತ ಗೊತ್ತಾಯಿತು. ಅಲ್ಲಿಗೆ ನಿಶ್ಚಿತವಾದರೂ ಮುಂಚೆ ಹೇಳೋಕೆ ಆಗಲ್ಲ ಅನ್ನುವ ಸ್ಥಿತಿ.

ಇನ್ನೂ ವಿಚಿತ್ರ ಇದೆ. ಜಾನ್ ನಾರ್ಟನ್ ಅನ್ನುವ ತತ್ವಶಾಸ್ತ್ರಜ್ಞ ಈ ಶತಮಾನದಲ್ಲೇ ಒಂದು ಗುಮ್ಮಟ ಕೊಟ್ಟಿದ್ದಾನೆ. ಘರ್ಷಣೆ ಇಲ್ಲ. ನೆತ್ತಿಯ ಮೇಲೆ ಗೋಲಿ ನಿಂತಿದೆ. ಅದು ಸದಾ ನಿಂತೇ ಇರಬಹುದು. ಅಥವಾ ಇದ್ದಕ್ಕಿದ್ದ ಹಾಗೆ, ಯಾರೂ ಮುಟ್ಟದೆ, ಯಾವ ದಿಕ್ಕಿಗಾದರೂ ಉರುಳಬಹುದು. ಎರಡೂ ಎರಡನೇ ನಿಯಮಕ್ಕೆ ಪ್ರತಿ ಕ್ಷಣವೂ ಸರಿಹೊಂದುತ್ತವೆ! ಹೊರಡುವ ಕ್ಷಣದಲ್ಲಿ ಬಲ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ.

ಕುಂದಾಪ್ರದ ಗಂಡು
ಗೋಲಗುಮ್ಮಟದ ಮೇಲೆ ಗೋಲಿ ಇಟ್ಟರೂ ಹೀಗೇ ಆಗ್ತದಾ?

ತರ್ಕಬದ್ಧ
ಇಲ್ಲ. ದುಂಡನೆಯ ಗುಮ್ಮಟದ ನೆತ್ತಿಯಲ್ಲಿ ಪಕ್ಕಾ ನಿಲ್ಲಿಸಿದ್ದು ಲೆಕ್ಕದ ಪ್ರಕಾರ ನಿಂತೇ ಇರುತ್ತದೆ, ಸಮೀಕರಣಕ್ಕೆ ಒಂದೇ ಪರಿಹಾರ. ನಾರ್ಟನ್ ಗುಮ್ಮಟದ ನೆತ್ತಿಯಲ್ಲಿ ವಕ್ರತೆ ಅನಂತ. ಅಲ್ಲಿ ಪರಿಹಾರ ಒಂದಕ್ಕಿಂತ ಜಾಸ್ತಿ.

ಪೀಣ್ಯದ ಲೇತ್
ವಕ್ರತೆ ಅನಂತ ಇರೋ ತುದಿಯನ್ನು ಯಾವ ಲೇತ್‌ನಲ್ಲೂ ತಿರುವೋಕೆ ಆಗಲ್ಲ. ಡ್ರಾಯಿಂಗ್ ತಂದರೆ ವಾಪಸ್ ಕಳಿಸುತ್ತೇನೆ.

ತರ್ಕಬದ್ಧ
ಘರ್ಷಣೆಯಿಲ್ಲದ ಮೇಜು, ಹಿಗ್ಗದ ದಾರ, ಗಾತ್ರವಿಲ್ಲದ ಕಣ ಇವನ್ನೂ ಯಾರೂ ಮಾಡಿಲ್ಲ. ಪಿಯುಸಿಯಿಂದ ಒಪ್ಪಿಕೊಂಡು ಬಂದಿದ್ದೇವೆ. ಗುಮ್ಮಟ ಮಾತ್ರ ಯಾಕೆ ಬೇಡ?

ಪೀಣ್ಯದ ಲೇತ್
ಹಿಗ್ಗದ ದಾರಕ್ಕೆ ಹತ್ತಿರ ಬರೋ ಸ್ಟೀಲ್ ವೈರ್ ಇದೆ. ವೈರ್ ಗಟ್ಟಿಯಾದಷ್ಟೂ ಉತ್ತರ ನಿಮ್ಮ ಪುಸ್ತಕದ ಉತ್ತರಕ್ಕೆ ಹತ್ತಿರ ಹೋಗುತ್ತದೆ. ನಿಮ್ಮ ಗುಮ್ಮಟ ಹಾಗಲ್ಲ. ಎಷ್ಟು ಚೂಪಾಗಿ ತಿರುವಿದರೂ ತುದಿಯಲ್ಲಿ ಒಂಚೂರು ದುಂಡಗೆ ಉಳಿಯುತ್ತದೆ, ಆಗ ನೀವೇ ಹೇಳಿದ ಹಾಗೆ ಗೋಲಿ ನಿಂತೇ ಇರುತ್ತದೆ. ಹತ್ತಿರ ಹತ್ತಿರ ಹೋದರೂ ಆ ಉರುಳಾಟ ಬರೋದೇ ಇಲ್ಲ. ಅದಕ್ಕೇ ಬೇಡ.

ಲೋಲಕ
ತರ್ಕಬದ್ಧ, ಇದಕ್ಕೆ ಉತ್ತರ ಕೊಡಿ ಈಗ. ಬೇರಿಂಗ್ ಕತೆಗಿಂತ ಇದು ಗಟ್ಟಿ ಇದೆ.

ತರ್ಕಬದ್ಧ
ಗಟ್ಟಿ ಇದೆ, ಆದರೆ ಅದು ಯಾವ ಗುಮ್ಮಟ ಮಾಡಬಹುದು ಅನ್ನೋ ಮಾತು. ನಾನು ಕೇಳ್ತಿರೋದು ನ್ಯೂಟನ್ ನಿಯಮದೊಳಗೆ ಅದನ್ನು ತಡೆಯೋ ಸಾಲು ಎಲ್ಲಿದೆ ಅಂತ. ಮೆಟ್ರೋದಲ್ಲಿದ್ದೀನಿ, ರಾತ್ರಿ ಕೂತು ಬರೆಯುತ್ತೇನೆ.